ಬಹಮನೀ ಸಿಂಹಾಸನವೂ ಮೂರು ಭವಿಷ್ಯವಾಣಿಗಳೂ

ಆಳಂದದ ಸೀಮೆಯಿಂದ ಹರಿದುಬರುವ ಅಮರಜಾ ನದಿಯು ಅಫಜಲಪುರ ತಾಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಅಲ್ಲಿಂದ ಮುಂದೆ ಜೇವರ್ಗಿಯ ಎಲ್ಲೆಯನ್ನು ಸವರಿಕೊಂಡು ಹೋಗುವಲ್ಲಿ, ಕಲಬುರಗಿಯ ದಕ್ಷಿಣಕ್ಕೆ ಹೊಳೆಯ ದಂಡೆಯ ಮೇಲೆ, ಫಿರೋಜಾಬಾದಿನ ಹಾಳುಕೋಟೆಯು ನಿಂತಿದೆ. ಈ ನೀರಿನ ದಾರಿಗೂ ಕಲಬುರಗಿಯ ಬಹಮನೀ ಸಿಂಹಾಸನಕ್ಕೂ ಸೇರಿದ ಕಥೆಗಳಲ್ಲಿ ‘ಇಂಥವನು ಅರಸನಾಗುವನು’ ಎಂದು ಮುಂದಾಗಿ ನುಡಿದ ಭವಿಷ್ಯವಾಣಿಗಳು ಮೂರು ಉಂಟು. ಒಂದನ್ನು ನುಡಿದವನು ಬ್ರಾಹ್ಮಣ ಜೋಯಿಸ. ಇನ್ನೊಂದನ್ನು ನುಡಿದವನು ಸೂಫೀ ಸಂತ. ಮೂರನೆಯದನ್ನು ನುಡಿದವನು ದತ್ತಸಂಪ್ರದಾಯದ ಯತಿ. ಇವುಗಳಲ್ಲಿ ಮೊದಲನೆಯದು ಇಂದಿಗೂ ಚರಿತ್ರೆಯೆಂಬ ಹೆಸರಿನಲ್ಲಿ ಉಪಾಧ್ಯಾಯರ ಬಾಯಲ್ಲಿ ಕೇಳಿಬರುವುದರಿಂದಲೂ, ಎರಡನೆಯದು ಒಂದು ನಿಜವಾದ ರಾಜ್ಯಸ್ಪರ್ಧೆಯ ಗತಿಯನ್ನೇ ಬದಲಾಯಿಸಿದಂತೆ ತೋರುವುದರಿಂದಲೂ, ಅವನ್ನು ಆಧಾರಗಳೊಡನೆ ತೂಗಿನೋಡುವುದು ಅವಶ್ಯಕವೆನಿಸಿದೆ. ಪಾಠಶಾಲೆಯಲ್ಲಿ ವರಾಹಮಿಹಿರನ ಗ್ರಂಥಗಳನ್ನು ಗುರುಮುಖೇನ ಓದಿದವನಾದ ಕಾರಣ, ಶಾಸ್ತ್ರವು ತಾನೇ ಏನನ್ನು ಹೇಳಬಲ್ಲೆನೆನ್ನುತ್ತದೆ ಎಂಬುದನ್ನೂ ನಡುನಡುವೆ ಸೂಚಿಸುವೆನು.

ಮೊದಲನೆಯ ಕಥೆಯನ್ನು ವಾಚಕರು ಬಲ್ಲರು. ದಿಲ್ಲಿಯಲ್ಲಿ ಗಂಗೂ ಎಂಬ ಬ್ರಾಹ್ಮಣ ಜೋಯಿಸನ ಹೊಲವನ್ನು ಉಳುತ್ತಿದ್ದ ಹಸನನೆಂಬ ಬಡವನಿಗೆ ನೇಗಿಲ ಮೊನೆಗೆ ನಾಣ್ಯಗಳ ಕೊಡವು ಸಿಕ್ಕಿತು. ಅವನು ಅದನ್ನು ಮುಚ್ಚಿಡದೆ ಒಡೆಯನಿಗೆ ಒಪ್ಪಿಸಿದನು. ಅವನ ಪ್ರಾಮಾಣಿಕತೆಗೆ ಮೆಚ್ಚಿದ ಗಂಗುವು ಅವನ ಜಾತಕವನ್ನು ಗುಣಿಸಿ, ಮುಂದೆ ಇವನು ದೊಡ್ಡ ಪದವಿಗೇರುವನೆಂದು ಕಂಡು, ಆ ಕಾಲಕ್ಕೆ ತನ್ನ ಹೆಸರನ್ನು ಇಟ್ಟುಕೊಳ್ಳಬೇಕೆಂದೂ ತನ್ನನ್ನು ಲೆಕ್ಕಪತ್ರಗಳ ಅಧಿಕಾರಿಯನ್ನಾಗಿ ಮಾಡಬೇಕೆಂದೂ ಮಾತು ಪಡೆದನು. ಕ್ರಿ. ಶ. ೧೩೪೭ರಲ್ಲಿ ದೌಲತಾಬಾದಿನ ಅಮೀರರು ಮಹಮ್ಮದ ತುಘಲಕನ ವಿರುದ್ಧ ಎದ್ದು ಹಸನನನ್ನು ಸುಲ್ತಾನನೆಂದು ಎತ್ತಿಹಿಡಿದಾಗ ಈ ವಾಕ್ಯವು ಫಲಿಸಿತಂತೆ. ‘ಬಹಮನೀ’ ಎಂಬ ಶಬ್ದವು ‘ಬ್ರಾಹ್ಮಣ’ ಶಬ್ದದ ತದ್ಭವವೆಂಬ ವ್ಯುತ್ಪತ್ತಿಯೂ ಈ ಕಥೆಯ ಬೆನ್ನಿಗೇ ಬಂದುದು. ನಮ್ಮ ಕಡೆಯ ಪಂಡಿತರಿಗೆ ಇದು ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ತದ್ಭವಗಳನ್ನು ಕಂಡಲ್ಲಿ ನಮಗೆ ಹರ್ಷವುಂಟಾಗುವುದು ಸಹಜವೇ.

ಆದರೆ ಈ ಕಥೆಯನ್ನು ವಿಸ್ತಾರವಾಗಿ ಹೇಳಿದವನು ಫೆರಿಸ್ತಾ. ಆತನು ಬಿಜಾಪುರದ ಎರಡನೆಯ ಇಬ್ರಾಹಿಮ ಆದಿಲಶಹನ ಆಶ್ರಯದಲ್ಲಿ, ಹದಿನೇಳನೆಯ ಶತಮಾನದ ಮೊದಲ ದಶಕದಲ್ಲಿ ಗ್ರಂಥವನ್ನು ರಚಿಸಿದವನು. ಎಂದರೆ ಹಸನನ ಪಟ್ಟಾಭಿಷೇಕಕ್ಕೂ ಅವನ ಲೇಖನಿಗೂ ನಡುವೆ ಎರಡೂವರೆ ಶತಮಾನಗಳು ಕಳೆದಿದ್ದುವು. ಇತ್ತ ೧೩೫೦ರಲ್ಲಿಯೇ, ಹಸನನು ಪಟ್ಟವೇರಿ ಮೂರು ವರ್ಷ ತುಂಬುವ ಹೊತ್ತಿಗೆ, ಅವನ ಆಶ್ರಿತನೇ ಆದ ಇಸಾಮೀ ಕವಿಯು ‘ಫುತೂಹುಸ್ಸಲಾತೀನ್’ ಎಂಬ ಪದ್ಯೇತಿಹಾಸವನ್ನು ಮುಗಿಸಿದ್ದನು. ಒಡೆಯನ ಭಾಗ್ಯವನ್ನು ಹೊಗಳಲು ಇಸಾಮಿಗಿಂತ ಹೆಚ್ಚಿನ ಕಾರಣ ಯಾರಿಗೂ ಇರಲಿಲ್ಲ; ಆದರೂ ಉಳುವ ಹೊಲ, ಕೊಡ, ಜೋಯಿಸ ಇವು ಅವನ ಕಾವ್ಯದಲ್ಲಿಲ್ಲ. ‘ಬಹಮನ್’ ಎಂಬುದು ಪ್ರಾಚೀನ ಪಾರಸೀಕ ವೀರರಾಜನ ಹೆಸರು. ಅಹಮದನಗರದಲ್ಲಿ ಹದಿನಾರನೆಯ ಶತಮಾನದ ಕೊನೆಯಲ್ಲಿ ಬರೆದ ತಬಾತಬಾ ಎಂಬ ಇತಿಹಾಸಕಾರನು ಸುಲ್ತಾನನ ವಂಶವನ್ನು ಆ ಬಹಮನ ಇಸ್ಫಂದಿಯಾರನಿಗೇ ಕೊಂಡೊಯ್ದು ಮುಟ್ಟಿಸುತ್ತಾನೆ. ಆ ವಂಶಾವಳಿಯೂ ನಂಬತಕ್ಕುದಲ್ಲ. ಆದರೆ ಅರಮನೆಯವರು ಹೆಸರಿನ ಅರ್ಥವನ್ನು ಯಾವ ದಿಕ್ಕಿನಲ್ಲಿ ಹುಡುಕುತ್ತಿದ್ದರೆಂಬುದು ಅದರಿಂದ ಸ್ಪಷ್ಟವಾಗುತ್ತದೆ. ಬ್ರಾಹ್ಮಣ ಶಬ್ದದ ತದ್ಭವವೆಂಬ ಮಾತನ್ನು ಇನ್ನು ನಮ್ಮ ತರಗತಿಗಳಲ್ಲಿ ಬಿಟ್ಟುಬಿಡುವುದೇ ಲೇಸು.

ಹೀಗಿರಲು ಕಥೆಯು ಹುಟ್ಟಿದುದೇಕೆ? ಇದೇ ಫೆರಿಸ್ತಾನು ದಿಲ್ಲಿಯ ನಿಜಾಮುದ್ದೀನ್ ಔಲಿಯಾ ಸಂತನೂ ಹಸನನ ಅರಸುತನವನ್ನು ಮುಂದಾಗಿ ನುಡಿದನೆಂದು ಬರೆಯುತ್ತಾನೆ. ಒಬ್ಬನೇ ಮನುಷ್ಯನಿಗೆ ಜೋಯಿಸನ ವಾಕ್ಯವೂ ಬೇಕಾಯಿತು, ಸಂತನ ವಾಕ್ಯವೂ ಬೇಕಾಯಿತು. ಹುಟ್ಟಿನಿಂದ ರಾಜನಲ್ಲದವನು ರಾಜನಾದಾಗ ಜನರು ಅಧಿಕಾರಕ್ಕೆ ಮೂಲವನ್ನು ಕೇಳುವರು. ತಂದೆ ತಾತಂದಿರಲ್ಲಿ ಅದು ದೊರೆಯದಿದ್ದರೆ ಆಕಾಶದಲ್ಲಿ ಹುಡುಕಬೇಕಾಗುವುದು. ಇಲ್ಲಿ ಒಂದು ಶಾಸ್ತ್ರವಿಷಯವನ್ನು ಹೇಳಬೇಕು. ಬೃಹಜ್ಜಾತಕದ ರಾಜಯೋಗಾಧ್ಯಾಯದಲ್ಲಿ ವರಾಹಮಿಹಿರನು ಯೋಗಗಳನ್ನು ಎಣಿಸುವಾಗ ಜಾತಕನ ಕುಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ: ಕೆಲವು ಯೋಗಗಳಲ್ಲಿ ನೀಚಕುಲದಲ್ಲಿ ಹುಟ್ಟಿದವನೂ ಅರಸನಾಗುವನು, ಮತ್ತೆ ಕೆಲವು ಯೋಗಗಳು ರಾಜಪುತ್ರನಿಗೆ ಮಾತ್ರ ರಾಜ್ಯವನ್ನು ಕೊಡುವುವು, ಉಳಿದವರಿಗೆ ಐಶ್ವರ್ಯವನ್ನಷ್ಟೇ. ಶಾಸ್ತ್ರಕಾರನೇ ಲೋಕದ ಸ್ಥಿತಿಯನ್ನು ಗ್ರಹಸ್ಥಿತಿಯ ಪಕ್ಕದಲ್ಲಿ ಇಟ್ಟುಕೊಂಡು ಮಾತನಾಡುವನೆಂಬುದನ್ನು ನಮ್ಮ ಕಾಲದ ಫಲಜ್ಯೋತಿಷಿಗಳು ಮರೆತಂತಿದೆ. ಗಂಗುವಿನ ಕಥೆಯು ಮೊದಲನೆಯ ಬಗೆಯ ಯೋಗಕ್ಕೆ ಉದಾಹರಣೆಯಾಗಿ ಹೊಂದಿಸಿದಂತಿದೆ.

ಎರಡನೆಯದು ಇದಕ್ಕಿಂತ ಘನವಾದ ವಿಷಯ. ಇಲ್ಲಿ ಸ್ಪರ್ಧಿಗಳು ಇಬ್ಬರು, ಇಬ್ಬರೂ ರಾಜಕುಲದವರು. ಸ್ಪರ್ಧೆಯೂ ನಿಜವಾಗಿ ನಡೆದುದು.

ಫಿರೋಜಶಹನು ೧೩೯೭ರಿಂದ ೧೪೨೨ರವರೆಗೆ ಆಳಿದನು. ಬಹಮನೀ ಸುಲ್ತಾನರಲ್ಲಿ ಇವನಷ್ಟು ವಿದ್ಯಾಪಕ್ಷಪಾತಿ ಬೇರೊಬ್ಬನಿಲ್ಲ. ವಾರದಲ್ಲಿ ಮೂರು ದಿನ ರೇಖಾಗಣಿತ ಮೊದಲಾದ ಶಾಸ್ತ್ರಗಳ ಪಾಠಕ್ಕೆ ಅವನು ಹೊತ್ತು ಮೀಸಲಿಟ್ಟಿದ್ದನೆಂದು ಫೆರಿಸ್ತಾ ಹೇಳುತ್ತಾನೆ. ೧೪೦೭ರಲ್ಲಿ ದೌಲತಾಬಾದಿನ ಹತ್ತಿರದ ಘಟ್ಟದ ಮೇಲೆ ಒಂದು ವೇಧಶಾಲೆಯನ್ನು ಕಟ್ಟಿಸತೊಡಗಿದನು. ಅದರ ಹೊಣೆಯನ್ನು ಹೊತ್ತಿದ್ದ ಹಕೀಮ ಹಸನ ಗೀಲಾನಿಯು ಮೃತನಾದ್ದರಿಂದ ಕೆಲಸವು ನಿಂತುಹೋಯಿತು. ಉಲುಘ್ ಬೇಗನು ಸಮರಖಂದದಲ್ಲಿ ಕಟ್ಟಿಸಿದ ಪ್ರಸಿದ್ಧ ವೇಧಶಾಲೆಗಿಂತ ಇದು ಸುಮಾರು ಹದಿನೈದು ವರ್ಷ ಹಿಂದಿನ ಉದ್ಯಮ. ಜ್ಯೋತಿಶ್ಶಾಸ್ತ್ರದ ಗಣಿತಭಾಗದಲ್ಲಿ ಇಷ್ಟು ಆಸಕ್ತಿಯಿದ್ದ ರಾಜನು, ತನ್ನ ಮಗನ ಉತ್ತರಾಧಿಕಾರದ ಪ್ರಶ್ನೆ ಬಂದಾಗ ಗ್ರಹಗಳನ್ನು ಕೇಳಲಿಲ್ಲ, ಸಂತನನ್ನು ಕೇಳಿದನು. ಇದನ್ನು ಗಮನಿಸತಕ್ಕುದು.

ಆ ಸಂತನೇ ಬಂದೇನವಾಜ ಗೇಸೂದರಾಜನೆಂದು ಹೆಸರಾದ ಸಯ್ಯದ ಮಹಮ್ಮದ ಹುಸೇನಿ. ತೈಮೂರನು ೧೩೯೮ರಲ್ಲಿ ದಿಲ್ಲಿಯ ಮೇಲೆ ಬೀಳುವ ಮುನ್ನ ಆ ನಗರವನ್ನು ಬಿಟ್ಟು ದಕ್ಷಿಣಕ್ಕೆ ಬಂದ ವೃದ್ಧನು. ಫಿರೋಜನು ಆದರದಿಂದ ಬರಮಾಡಿಕೊಂಡನಾದರೂ ಕೆಲವು ಕಾಲದ ಮೇಲೆ ಇಬ್ಬರಿಗೂ ಸರಿಬೀಳಲಿಲ್ಲ. ತರ್ಕ ಗಣಿತಗಳಲ್ಲಿ ಮುಳುಗಿದ ರಾಜನಿಗೆ ಸಂತನ ಪಾಂಡಿತ್ಯವು ಸಾಲದೆಂದು ತೋರಿತಂತೆ. ರಾಜನ ತಮ್ಮನಾದ ಅಹಮದ ಖಾನನು ಮಾತ್ರ ಸಂತನ ಬಳಿಗೆ ಎಡೆಬಿಡದೆ ಹೋಗಿಬರುತ್ತಿದ್ದನು. ಮುಂದೆ ಫಿರೋಜನು ತನ್ನ ಮಗ ಹಸನಖಾನನನ್ನು ಉತ್ತರಾಧಿಕಾರಿಯೆಂದು ಸಾರಿ, ಆಶೀರ್ವದಿಸಬೇಕೆಂದು ಸಂತನಲ್ಲಿಗೆ ಹೇಳಿಕಳುಹಿಸಿದನು. ಗೇಸೂದರಾಜನು, ರಾಜನು ಆರಿಸಿದ ಮೇಲೆ ಬಡ ಫಕೀರನ ಆಶೀರ್ವಾದವೇಕೆಂದು ಮೊದಲು ಜಾರಿಕೊಂಡನು. ಒತ್ತಾಯಮಾಡಲಾಗಿ, ಕಿರೀಟವು ತಮ್ಮನಿಗೆ ವಿಧಿಸಲ್ಪಟ್ಟಿದೆ, ಬೇರೊಬ್ಬರಿಗೆ ಅದನ್ನು ಕೊಡಿಸುವ ಯತ್ನವು ವ್ಯರ್ಥವೆಂದು ಸ್ಪಷ್ಟವಾಗಿ ನುಡಿದನು. ರಾಜನು ಸಿಟ್ಟಾಗಿ, ಸಂತನ ಖಾನಖಾಹಿನ ಜನಸಂದಣಿಯು ಕೋಟೆಗೆ ಸಮೀಪವಾಯಿತೆಂಬ ನೆವದಿಂದ ಅವನನ್ನು ಊರಾಚೆಗೆ ಹೋಗಹೇಳಿದನು. ಇಂದು ಕಲಬುರಗಿಯಲ್ಲಿ ದರ್ಗಾ ಇರುವ ಸ್ಥಳಕ್ಕೆ ಅವನು ಹೋದುದು ಹೀಗೆ.

ಆಮೇಲಿನದು ಚರಿತ್ರೆಯ ಓಟ. ಪಾನಗಲ್ಲಿನ ಮುತ್ತಿಗೆಯಲ್ಲಿ ಫಿರೋಜನಿಗೆ ವಿಜಯನಗರದವರಿಂದ ದೊಡ್ಡ ಸೋಲಾಯಿತು. ೧೪೨೦ರ ಹೊತ್ತಿಗೆ ಅವನ ದೇಹವೂ ಮನಸ್ಸೂ ಕುಗ್ಗಿದುವು. ಹೂಶಿಯಾರ, ಬೀದರ ಎಂಬ ಇಬ್ಬರು ಗುಲಾಮ ಅಧಿಕಾರಿಗಳು ರಾಜ್ಯಭಾರವನ್ನು ಕೈಗೆ ತೆಗೆದುಕೊಂಡು, ಅಹಮದನ ಕಣ್ಣು ಕೀಳಿಸಿದ ಹೊರತು ಹಸನಖಾನನಿಗೆ ಸಿಂಹಾಸನವು ನಿಲ್ಲದೆಂದು ರಾಜನ ಕಿವಿಯಲ್ಲಿ ಊದಿದರು. ಅಹಮದನಿಗೆ ಈ ಸುದ್ದಿ ತಿಳಿಯಿತು. ಓಡಿಹೋಗುವ ಮೊದಲು ಅವನು ತನ್ನ ಮಗ ಅಲಾವುದ್ದೀನನನ್ನು ಕರೆದುಕೊಂಡು ರಾತ್ರಿಯಲ್ಲಿ ಗೇಸೂದರಾಜನ ಬಳಿಗೆ ಹೋದನು. ಸಂತನು ತನ್ನ ತಲೆಯ ಪಾಗನ್ನು ಎರಡು ತುಂಡಾಗಿ ಸೀಳಿ ಒಂದನ್ನು ತಂದೆಯ ತಲೆಗೂ ಇನ್ನೊಂದನ್ನು ಮಗನ ತಲೆಗೂ ಸುತ್ತಿ, ಇಬ್ಬರಿಗೂ ಅರಸುತನವನ್ನು ನುಡಿದನೆಂದು ಫೆರಿಸ್ತಾ ವರ್ಣಿಸುತ್ತಾನೆ.

ಅಹಮದನೊಡನೆ ಹೊರಟವರು ೪೦೦ ಮಂದಿ ರಾವುತರು ಮಾತ್ರ. ಬಸರಾ ನಗರದ ವರ್ತಕನಾದ ಖಲಫ ಹಸನನು ಸಮಯಕ್ಕೆ ಒದಗಿದನು. ದಾರಿಯಲ್ಲಿ ಸಿಕ್ಕಿದ ಬಂಜಾರರ ಎತ್ತುಗಳನ್ನೂ ವ್ಯಾಪಾರಿಗಳ ಕುದುರೆಗಳನ್ನೂ ಕೊಂಡು, ಅವುಗಳ ಮೇಲೆ ಬಾವುಟಗಳನ್ನು ಕಟ್ಟಿ, ಹೊಸ ದಂಡೊಂದು ಸಹಾಯಕ್ಕೆ ಬರುತ್ತಿದೆಯೆಂಬ ಭ್ರಮೆಯನ್ನು ಶತ್ರುಗಳಲ್ಲಿ ಹುಟ್ಟಿಸಿದ ಉಪಾಯವು ಅವನದು. ಗುಲಾಮರ ಸೈನ್ಯವು ಚೆದರಿತು. ಕೊನೆಗೆ ರೋಗಿಯಾದ ಫಿರೋಜನೇ ಪಲ್ಲಕ್ಕಿಯಲ್ಲಿ ಯುದ್ಧಕ್ಕೆ ಬಂದನು, ಅಲ್ಲಿ ಮೂರ್ಛೆಹೋದನು, ರಾಜನು ಸತ್ತನೆಂಬ ಸುಳ್ಳುಸುದ್ದಿ ಹಬ್ಬಿ ಅವನ ದಂಡಿನವರು ಅಹಮದನ ಕಡೆಗೆ ಹೊರಳಿದರು. ೧೪೨೨ರ ಸೆಪ್ಟೆಂಬರಿನಲ್ಲಿ ಫಿರೋಜನು ಕೋಟೆಯ ಬಾಗಿಲುಗಳನ್ನು ತೆಗೆಸಿ, ತಮ್ಮನಿಗೆ ರಾಜ್ಯವನ್ನು ಒಪ್ಪಿಸಿ, ಕೆಲವೇ ದಿನಗಳಲ್ಲಿ ಮೃತನಾದನು. ಅದೇ ವರ್ಷದ ನವೆಂಬರ ೧ರಂದು ಗೇಸೂದರಾಜನೂ ದೇಹ ಬಿಟ್ಟನು. ಖಲಫ ಹಸನನಿಗೆ ಮಲಿಕುತ್ತುಜ್ಜಾರ್, ಎಂದರೆ ವರ್ತಕರ ಒಡೆಯ, ಎಂಬ ಬಿರುದು ದೊರಕಿತು.

ಈಗ ಪ್ರಶ್ನೆ: ಗೇಸೂದರಾಜನ ವಾಕ್ಯವು ಭವಿಷ್ಯಜ್ಞಾನವೇ, ಪಕ್ಷಪಾತವೇ, ಅಥವಾ ಗೆದ್ದವರು ಆಮೇಲೆ ಕಟ್ಟಿದುದೇ? ಮೂರನೆಯ ಪಕ್ಷವನ್ನು ಸಲೀಸಾಗಿ ಹಿಡಿಯುವವರು ಬಹುಮಂದಿ. ಗೆದ್ದವನ ವಂಶವೇ ಮುಂದೆ ಆಳಿತು; ಆ ವಂಶವು ದರ್ಗಕ್ಕೆ ಉಂಬಳಿಗಳನ್ನು ಕೊಟ್ಟಿತು; ದರ್ಗದವರಿಗೂ ಅರಮನೆಯವರಿಗೂ ಈ ಕಥೆಯು ಸಮಾನವಾಗಿ ಬೇಕಾಗಿತ್ತು. ಈ ವಾದವು ಬಲವಾದುದೇ. ಪಾಗಿನ ಪ್ರಸಂಗದ ಮಟ್ಟಿಗೆ ನಾನು ಇದನ್ನು ಒಪ್ಪುತ್ತೇನೆ: ತಂದೆಯ ತರುವಾಯ ಮಗನೂ ಪಟ್ಟಕ್ಕೆ ಬಂದ ಮೇಲೆಯೇ ಪಾಗು ಎರಡು ಹೋಳಾಗಬೇಕಾದ ಅವಶ್ಯಕತೆಯಿತ್ತು. ಆದರೆ ಸಂತನನ್ನು ಊರಾಚೆಗೆ ಕಳುಹಿಸಿದ ಸಂಗತಿಯು ಬೇರೆ ಜಾತಿಯದು. ಪವಾಡದಿಂದ ಏನೂ ಲಾಭವಿಲ್ಲದ, ಕಟ್ಟುಕಥೆಗೆ ಬೇಕಿಲ್ಲದ ವಿವರವದು. ಜಗಳವು ನಿಜವಾಗಿ ನಡೆದಿತ್ತೆಂದು ಅದು ಸೂಚಿಸುತ್ತದೆ. ನನ್ನ ಮತದಲ್ಲಿ, ಗೇಸೂದರಾಜನು ಹಸನಖಾನನಿಗೆ ಆಶೀರ್ವಾದವನ್ನು ನಿರಾಕರಿಸಿದುದು ಸತ್ಯ. ಆ ನಿರಾಕರಣೆಯನ್ನು ಊರೆಲ್ಲ ಬಲ್ಲುದಾಗಿತ್ತು. ಮತ್ತು ಅದು ಸುಮ್ಮನೆ ಭವಿಷ್ಯವಾಗಿ ಉಳಿಯದೆ ಸ್ಪರ್ಧೆಯಲ್ಲಿ ಒಂದು ಬಲವಾಗಿ ಪರಿಣಮಿಸಿತು. ಅಣ್ಣನ ದಂಡಿನಲ್ಲಿದ್ದ ಸಿಪಾಯಿಯು ‘ಕಿರೀಟವು ತಮ್ಮನಿಗೆ’ ಎಂಬ ಮಾತನ್ನು ಕೆಲವು ವರ್ಷಗಳಿಂದ ಕೇಳಿಕೊಂಡು ಬಂದವನಾಗಿದ್ದರೆ, ರಾಜನು ಪಲ್ಲಕ್ಕಿಯಲ್ಲಿ ಒರಗಿದ ಕ್ಷಣದಲ್ಲಿ ಅವನ ಕಾಲು ಯಾವ ಕಡೆಗೆ ತಿರುಗುವುದೆಂದು ಹೇಳಲು ಪಂಚಾಂಗ ಬೇಡ. ಬಂಜಾರರ ಎತ್ತುಗಳ ಮೇಲಣ ಬಾವುಟಗಳೂ ಅದನ್ನೇ ಮಾಡಿದುವು. ಎರಡೂ ಸೈನ್ಯದ ಮನಸ್ಸಿನ ಮೇಲೆ ನಡೆದ ಪ್ರಯೋಗಗಳು.

ಇದಕ್ಕೆ ಕರ್ಣಾಟಕದಲ್ಲಿಯೇ ಹಳೆಯ ಸಾದೃಶ್ಯವುಂಟು. ಕಲ್ಯಾಣದ ಆಹವಮಲ್ಲ ಸೋಮೇಶ್ವರನು ೧೦೬೮ರಲ್ಲಿ ಕುರುವತ್ತಿಯಲ್ಲಿ ತುಂಗಭದ್ರೆಯನ್ನು ಹೊಕ್ಕು ದೇಹ ಬಿಟ್ಟ ಮೇಲೆ ಹಿರಿಯ ಮಗನಾದ ಎರಡನೆಯ ಸೋಮೇಶ್ವರನು ಪಟ್ಟವೇರಿದನು. ೧೦೭೬ರಲ್ಲಿ ತಮ್ಮನಾದ ಆರನೆಯ ವಿಕ್ರಮಾದಿತ್ಯನು ಅವನನ್ನು ಇಳಿಸಿ ತನ್ನ ಹೆಸರಿನ ಶಕವನ್ನೇ ಆರಂಭಿಸಿದನು. ವಿಕ್ರಮನ ಆಸ್ಥಾನಕವಿಯಾದ ಕಾಶ್ಮೀರದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ, ಮಕ್ಕಳಿಲ್ಲದ ಆಹವಮಲ್ಲನು ತಪಸ್ಸು ಮಾಡಿದಾಗ ಮೂವರು ಮಕ್ಕಳಾಗುವರೆಂದೂ ನಡುವಣವನೇ ಲೋಕೋತ್ತರನಾಗುವನೆಂದೂ ಶಿವನ ಅಶರೀರವಾಣಿಯಾಯಿತೆಂದು ಹೇಳುತ್ತಾನೆ. ಅಣ್ಣನನ್ನು ಇಳಿಸಿದ ದೋಷವು ಹುಟ್ಟುವುದಕ್ಕಿಂತ ಮುಂಚೆಯೇ ಪರಿಹಾರವಾಯಿತು! ೧೪೨೨ಕ್ಕೂ ೧೦೭೬ಕ್ಕೂ ನಡುವೆ ಮತ, ಭಾಷೆ, ರಾಜಧಾನಿ ಎಲ್ಲವೂ ಬೇರೆಯಾದರೂ, ಅಣ್ಣನ ಗಾದಿಯನ್ನು ಹಿಡಿದ ತಮ್ಮನಿಗೆ ಬೇಕಾದ ಆಕಾಶವಾಣಿಯ ಆಕಾರವು ಮಾತ್ರ ಬದಲಾಗಲಿಲ್ಲ. ವ್ಯತ್ಯಾಸವೂ ಒಂದುಂಟು, ಅದು ಸಣ್ಣದಲ್ಲ. ಬಿಲ್ಹಣನ ವಾಣಿಯನ್ನು ಕೇಳಿದವರು ರಾಜದಂಪತಿಗಳ ಹೊರತು ಬೇರಾರೂ ಇಲ್ಲ. ಅದು ಕಾವ್ಯದೊಳಗಣ ವಾಣಿ. ಗೇಸೂದರಾಜನದು ಊರ ನಡುವೆ, ಸ್ಪರ್ಧೆಗೆ ಮುಂಚೆ, ಆಳುವ ರಾಜನ ಮುಖಕ್ಕೆ ನುಡಿದ ಮಾತು.

ಆ ಕಲ್ಯಾಣದಲ್ಲಿಯೇ ಆಹವಮಲ್ಲನ ಕಾಲಕ್ಕೆ, ೧೦೪೯ರಲ್ಲಿ, ನರಗುಂದದ ಶ್ರೀಧರಾಚಾರ್ಯನು ಕನ್ನಡದ ಮೊದಲನೆಯ ಜ್ಯೋತಿಷಗ್ರಂಥವಾದ ‘ಜಾತಕತಿಲಕ’ವನ್ನು ಬರೆದನು. ಮುಂದೆ ವಿಕ್ರಮನ ಕಾಲದಲ್ಲಿ ವಿಜ್ಞಾನೇಶ್ವರನು ‘ಮಿತಾಕ್ಷರಾ’ ವ್ಯಾಖ್ಯಾನವನ್ನು ರಚಿಸಿದ ಯಾಜ್ಞವಲ್ಕ್ಯಸ್ಮೃತಿಯಲ್ಲಿ, ಗ್ರಹಶಾಂತಿಪ್ರಕರಣದೊಳಗೆ, ಅರಸರ ಏಳುಬೀಳುಗಳು ಗ್ರಹಾಧೀನವೆಂಬ ಮಾತು ಬರುತ್ತದೆ. ಅದೇ ಅಧ್ಯಾಯದ ರಾಜಧರ್ಮಪ್ರಕರಣದಲ್ಲಿ, ಒಂದೇ ಗಾಲಿಯಿಂದ ರಥವು ಹೇಗೆ ಸಾಗದೋ ಹಾಗೆ ಪುರುಷಪ್ರಯತ್ನವಿಲ್ಲದೆ ದೈವವು ಫಲಿಸದೆಂಬ ಅಭಿಪ್ರಾಯವೂ ಬರುತ್ತದೆ. ಮೊದಲನೆಯದನ್ನು ಎತ್ತಿಹೇಳುವವರು ಎರಡನೆಯದನ್ನು ಬಾಯಿಬಿಡದೆ ನುಂಗುವರು.

ಇಬ್ಬರ ಸ್ಪರ್ಧೆಯ ಬಗ್ಗೆ ಶಾಸ್ತ್ರವು ಮೌನವಾಗಿಲ್ಲವೆಂದು ಯಾರಾದರೂ ಹೇಳಿಯಾರು. ನಿಜ, ಬೃಹತ್ಸಂಹಿತೆಯ ಗ್ರಹಯುದ್ಧಾಧ್ಯಾಯದಲ್ಲಿ ಗ್ರಹಗಳನ್ನು ಪೌರರೆಂದೂ ಯಾಯಿಗಳೆಂದೂ ವಿಂಗಡಿಸಿದೆ. ಬುಧ, ಗುರು, ಶನಿ ಇವರು ಪೌರರು, ಎಂದರೆ ಊರೊಳಗೆ ನಿಂತು ಕಾಯುವವರು. ಕುಜ, ಶುಕ್ರ, ರಾಹು, ಕೇತು ಇವರು ಯಾಯಿಗಳು, ಎಂದರೆ ದಂಡೆತ್ತಿ ಬರುವವರು. ಯಾವ ಪಕ್ಷದ ಗ್ರಹವು ಸೋತಿತೋ ಆ ಪಕ್ಷದ ರಾಜನಿಗೆ ಸೋಲು. ಆದರೆ ೧೪೨೨ರಲ್ಲಿ ಪೌರನು ಯಾರು? ಕೋಟೆಯೊಳಗಿದ್ದವನು ಫಿರೋಜನು, ಆದರೂ ಕೊನೆಯ ಯುದ್ಧಕ್ಕೆ ಹೊರಟುಬಂದವನು ಅವನೇ. ಅಹಮದನು ಓಡಿಹೋದವನು, ಮುತ್ತಿಗೆ ಹಾಕಿದವನೂ ಹೌದು. ಒಂದೇ ಮನೆಯ ಒಳಜಗಳಕ್ಕೆ ಈ ವಿಭಾಗವು ಹೊಂದುವುದಿಲ್ಲ. ಇನ್ನು ರಾಜಯೋಗವಿರುವವನಿಗೆ ರಾಜ್ಯಲಾಭವು ಯಾವಾಗ ಎಂಬುದಕ್ಕೆ ವರಾಹಮಿಹಿರನು ದಶಮದಲ್ಲಿಯೋ ಲಗ್ನದಲ್ಲಿಯೋ ಇರುವ ಗ್ರಹದ ದಶೆಯನ್ನು ಹೇಳುತ್ತಾನೆ. ಇಬ್ಬರು ಯೋಗವುಳ್ಳವರು ಒಂದೇ ಪೀಠಕ್ಕೆ ಬಂದರೆ ಯಾರಿಗೆ ಎಂಬುದಕ್ಕೆ ಆ ಅಧ್ಯಾಯದಲ್ಲಿ ಸೂತ್ರವಿಲ್ಲ. ಜಾತಕವು ಒಬ್ಬೊಬ್ಬನದು, ಸ್ಪರ್ಧೆಯು ಇಬ್ಬರದು.

ಈ ತೊಡಕು ನಮ್ಮ ಕಾಲದಲ್ಲಿ ಇನ್ನೂ ಹೆಚ್ಚಾಗಿದೆ. ಜೇವರ್ಗಿಯಿಂದ ಹಲವು ಸಲ ಶಾಸನಸಭೆಗೆ ಆರಿಸಿಬಂದ ಧರ್ಮಸಿಂಗರು ೨೦೦೪ರಲ್ಲಿ ಕರ್ಣಾಟಕದ ಮುಖ್ಯಮಂತ್ರಿಗಳಾದುದು ಎರಡು ಪಕ್ಷಗಳ ಒಪ್ಪಂದದಿಂದ. ಪಕ್ಷಗಳಿಗೆ ಯಾವ ಲಗ್ನ? ಕಲಬುರಗಿಯನ್ನು ಎರಡು ಸಲ ಲೋಕಸಭೆಯಲ್ಲಿ ಪ್ರತಿನಿಧಿಸಿದ್ದ ಮಲ್ಲಿಕಾರ್ಜುನ ಖರ್ಗೆಯವರು ೨೦೨೨ರ ಅಕ್ಟೋಬರಿನಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷಪದವಿಗೆ ಶಶಿ ತರೂರರೊಡನೆ ಸ್ಪರ್ಧಿಸಿ ೭೮೯೭ ಮತಗಳನ್ನು ಪಡೆದರು, ತರೂರರಿಗೆ ೧೦೭೨. ಸುಮಾರು ಒಂಬತ್ತು ಸಾವಿರ ಮಂದಿ ಮತದಾರರ ಮನಸ್ಸನ್ನು ಇಬ್ಬರ ಕುಂಡಲಿಯಲ್ಲಿ ಕಾಣುವೆನೆಂಬವನಿಗೆ ನಾಣ್ಯವನ್ನು ಮೇಲಕ್ಕೆ ಎಸೆಯುವವನಿಗಿಂತ ಹೆಚ್ಚಿನ ಪ್ರಮಾಣವನ್ನು ಯಾವ ಆಚಾರ್ಯನೂ ಕೊಟ್ಟಿಲ್ಲ. ನೂರು ಜೋಯಿಸರಲ್ಲಿ ಐವತ್ತು ಮಂದಿ ಒಬ್ಬನ ಹೆಸರನ್ನೂ ಐವತ್ತು ಮಂದಿ ಇನ್ನೊಬ್ಬನ ಹೆಸರನ್ನೂ ಹೇಳಿದರೆ, ಫಲಿತಾಂಶದ ಮರುದಿನ ಐವತ್ತು ಮಂದಿ ತ್ರಿಕಾಲಜ್ಞರು ತಾವಾಗಿಯೇ ಉಳಿಯುವರು. ನಕ್ಷತ್ರಗಳನ್ನು ಬೆರಳಿಟ್ಟು ತೋರಿಸುವುದಷ್ಟೇ ಬಲ್ಲ ನಕ್ಷತ್ರಸೂಚಕರನ್ನು ವರಾಹಮಿಹಿರನು ಸಾಂವತ್ಸರಸೂತ್ರದಲ್ಲಿ ಕಟುವಾಗಿ ನಿಂದಿಸಿರುವುದನ್ನು ಇಲ್ಲಿ ನೆನೆಯಬಹುದು.

ಮೂರನೆಯ ಭವಿಷ್ಯವಾಣಿಯು ಮರಾಠೀ ‘ಗುರುಚರಿತ್ರೆ’ಯಲ್ಲಿದೆ. ಕೃಷ್ಣಾತೀರದ ಕುರುವಪುರದಲ್ಲಿ ಶ್ರೀಪಾದಶ್ರೀವಲ್ಲಭರಿಗೆ ನಿತ್ಯವೂ ನಮಸ್ಕರಿಸುತ್ತಿದ್ದ ಮಡಿವಳನೊಬ್ಬನು, ಹೊಳೆಯಲ್ಲಿ ವಿಹರಿಸುತ್ತಿದ್ದ ಮುಸಲ್ಮಾನ ಅರಸನ ವೈಭವವನ್ನು ಕಂಡು ಆಸೆಪಟ್ಟನು. ಮುಂದಿನ ಜನ್ಮದಲ್ಲಿ ಬೀದರದ ಅರಸನಾಗುವೆಯೆಂದು ಗುರುಗಳು ನುಡಿದರು. ಅದರಂತೆ ಅವನು ಹುಟ್ಟಿ ಆಳುತ್ತಿರುವಾಗ ತೊಡೆಯಲ್ಲಿ ವಾಸಿಯಾಗದ ಹುಣ್ಣೆದ್ದು, ಅದರ ನೆವದಿಂದ ಗಾಣಗಾಪುರಕ್ಕೆ ಬಂದು, ನರಸಿಂಹಸರಸ್ವತಿಗಳನ್ನು ಕಂಡ ಕೂಡಲೆ ಪೂರ್ವಜನ್ಮದ ಸ್ಮರಣೆಯನ್ನು ಪಡೆದನೆಂದು ಕಥೆ. ಇಲ್ಲಿ ಗ್ರಹಗಣಿತವಿಲ್ಲ, ಸ್ಪರ್ಧೆಯೂ ಇಲ್ಲ. ಆದರೆ ಆಳುವವನು ನಮ್ಮವನೇ, ಹಿಂದಿನ ಜನ್ಮದಲ್ಲಿ ನಮ್ಮ ಹೊಳೆಯಲ್ಲಿಯೇ ಬಟ್ಟೆ ಒಗೆದವನು, ಎಂಬ ಭಾವನೆಯನ್ನು ಪ್ರಜೆಗಳು ತಮಗಾಗಿ ಕಟ್ಟಿಕೊಂಡುದು ಇಲ್ಲಿ ಕಾಣುತ್ತದೆ. ಗಂಗುವಿನ ಕಥೆಯೂ ಬಹುಶಃ ಇದೇ ಬಗೆಯದು. ಅಹಮದಶಹನ ವಿಷಯದಲ್ಲಿಯೂ ಹೀಗೆಯೇ ಆಯಿತು: ಬೀದರದ ಬಳಿಯ ಅಷ್ಟೂರಿನಲ್ಲಿರುವ ಅವನ ಸಮಾಧಿಯ ಉರುಸಿಗೆ ಆಳಂದ ತಾಲೂಕಿನ ಮಾಡಿಯಾಳದ ಜಂಗಮರು ಬರುವ ಸಂಪ್ರದಾಯವುಂಟು, ವೀರಶೈವರಲ್ಲಿ ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ಭಾವಿಸುವವರುಂಟು. ಸಂತನ ಭವಿಷ್ಯವಾಣಿಯಿಂದ ಅರಸನಾದವನು ತಾನೇ ಸಂತನಾದುದು ಅಪೂರ್ವವಾದ ಸಂಗತಿ.

ಗಾಣಗಾಪುರಕ್ಕೆ ಬಂದ ಆ ಅರಸನನ್ನು ಕೆಲವರು ಎರಡನೆಯ ಅಲಾವುದ್ದೀನ ಅಹಮದನೆಂದು, ಎಂದರೆ ೧೪೩೬ರಿಂದ ೧೪೫೮ರವರೆಗೆ ಆಳಿದವನೆಂದು ಗುರುತಿಸುತ್ತಾರೆ. ಅವನು ಕಾಲಿನ ಹುಣ್ಣಿನಿಂದ ಮೃತನಾದನೆಂದು ಫೆರಿಸ್ತಾ ಹೇಳುವುದು ಈ ಊಹೆಗೆ ಆಧಾರವಾಗಬಲ್ಲುದು. ನಿಶ್ಚಯವೆನ್ನಲು ಅಷ್ಟು ಸಾಲದು. ಊಹೆಯು ನಿಜವಾಗಿದ್ದರೆ, ಗೇಸೂದರಾಜನ ಪಾಗಿನ ಅರ್ಧವನ್ನು ಆ ರಾತ್ರಿ ತಲೆಗೆ ಸುತ್ತಿಸಿಕೊಂಡ ಹುಡುಗನೂ ಇವನೇ.

ಸೋತವನ ಗತಿಯನ್ನು ಕಥೆಗಳು ಹೇಳುವುದಿಲ್ಲ, ಫೆರಿಸ್ತಾ ಹೇಳುತ್ತಾನೆ. ಮಂತ್ರಿಗಳು ಹಸನಖಾನನನ್ನು ಕೊಲ್ಲಿಸಬೇಕೆಂದರೂ ಅಹಮದಶಹನು ಒಪ್ಪದೆ, ತಂದೆಯು ಭೀಮಾತೀರದಲ್ಲಿ ಕಟ್ಟಿಸಿದ ಫಿರೋಜಾಬಾದನ್ನು ವಾಸಕ್ಕೂ ಸುತ್ತಲಿನ ಭೂಮಿಯನ್ನು ಜಹಗೀರಾಗಿಯೂ ಕೊಟ್ಟು, ಊರಿನಿಂದ ಕೆಲವೇ ಹರದಾರಿಗಳೊಳಗೆ ಬೇಟೆಯಾಡಲು ಅಪ್ಪಣೆಯಿತ್ತನು. ಚಿಕ್ಕಪ್ಪನು ಬದುಕಿರುವವರೆಗೆ ಅವನು ಅಲ್ಲಿ ಸುಖವಾಗಿದ್ದನು. ಅಲಾವುದ್ದೀನನು ಪಟ್ಟಕ್ಕೆ ಬಂದ ಮೇಲೆ ಅವನ ಕಣ್ಣುಗಳನ್ನು ಕೀಳಿಸಿ ಅದೇ ಅರಮನೆಯಲ್ಲಿ ಸೆರೆಯಿಟ್ಟರು.